ಹೊಳೆವ್ವನ ಬೆರಳಿಗೆ ಸಿಕ್ಕ ನಡುಗಡ್ಡೆ

ಪೀಣ್ಯ ಎರಡನೇ ಹಂತದ ಒಂದು ಶೆಡ್ಡಿನಲ್ಲಿ ಅಂಧ ಮಕ್ಕಳ ಶಾಲೆಗಳಿಗಾಗಿ ಉಬ್ಬು ನಕಾಶೆಗಳನ್ನು ಮಾಡುತ್ತಾರೆ. ಕಾದ ಪ್ಲಾಸ್ಟಿಕ್ ಹಾಳೆ ಅಚ್ಚಿನ ಮೇಲೆ ಇಳಿಯುತ್ತದೆ, ಕೆಳಗಿನಿಂದ ಪಂಪು ಗಾಳಿ ಹೀರುತ್ತದೆ, ಬೆಟ್ಟ ನದಿಗಳೆಲ್ಲ ಹಾಳೆಯ ಮೇಲೆ ಎದ್ದು ನಿಲ್ಲುತ್ತವೆ. ಆಮೇಲೆ ಹಾಳೆ ಹೊಳೆವ್ವನ ಮೇಜಿಗೆ ಬರುತ್ತದೆ. ಅವಳ ಬೆರಳು ಒಪ್ಪದಿದ್ದರೆ ಅದು ಅಲ್ಲೇ ಉಳಿಯುತ್ತದೆ.

ಹೊಳೆವ್ವ ಬಾಗಲಕೋಟೆ ಕಡೆಯವಳು. ನಾಲ್ಕನೇ ವಯಸ್ಸಿನಲ್ಲಿ ದಡಾರ ಬಂದು ಕಣ್ಣು ಹೋಯಿತು. ಅದಕ್ಕೂ ಮುಂಚೆ ಕಂಡದ್ದರಲ್ಲಿ ನೆನಪಿರುವುದು ಯಾರದೋ ಕೆಂಪು ಕುಬಸ ಒಂದೇ. ರಾಜಗೋಪಾಲನಗರದ ಬಾಡಿಗೆ ಕೋಣೆಯಿಂದ ಶೆಡ್ಡಿಗೆ ಹದಿನಾಲ್ಕು ವರ್ಷದಿಂದ ಕೋಲು ಹಿಡಿದು ಒಬ್ಬಳೇ ನಡೆದು ಬರುತ್ತಾಳೆ. ಸಮುದ್ರದ ನೀರನ್ನು ಒಮ್ಮೆಯೂ ಮುಟ್ಟಿದವಳಲ್ಲ. ಆದರೆ ಕಪ್ಪು ಸಮುದ್ರದ ಯಾವ ಮೂಲೆಯಲ್ಲಿ ಯಾವ ದೇಶ ಎಂದು ಕೇಳಿದರೆ ಕೈ ಗಾಳಿಯಲ್ಲೇ ಅತ್ತ ಹೊರಳುತ್ತದೆ.

ಅವಳಿಗೆ ಇಷ್ಟವಾದದ್ದು ಕ್ಯಾಸ್ಪಿಯನ್ ಸಮುದ್ರದ ನಕಾಶೆ. ಸುತ್ತ ಐದು ದೇಶ, ಮಹಾಸಾಗರಕ್ಕೆ ದಾರಿಯೇ ಇಲ್ಲ. ಮೇಲೆ ವೋಲ್ಗಾ ನದಿ ಎಳೆಎಳೆಯಾಗಿ ಒಡೆದು ಬಂದು ಸೇರುವ ರಷ್ಯಾ. ಬಲಕ್ಕೆ ಚುಕ್ಕಿಚುಕ್ಕಿಯ ಕಜಾಕಿಸ್ತಾನ, ಅದರ ಕೆಳಗೆ ಮರಳಿನಂತೆ ತರಿತರಿಯಾದ ತುರ್ಕ್‌ಮೆನಿಸ್ತಾನ. ತಳದಲ್ಲಿ ಇರಾನಿನ ಬೆಟ್ಟಸಾಲು. ಎಡಕ್ಕೆ ಹಕ್ಕಿಯ ಕೊಕ್ಕಿನಂತೆ ನೀರಿಗೆ ಚಾಚಿದ ಅಜೆರ್ಬೈಜಾನ್, ಆ ಕೊಕ್ಕಿನ ಮೇಲೆ ಅದರ ರಾಜಧಾನಿ ಬಾಕು. ನಡುವೆ ಸಮುದ್ರ, ಬರೀ ನುಣುಪು.

2023ರ ಫೆಬ್ರುವರಿಯ ಒಂದು ಬೆಳಿಗ್ಗೆ ಆ ನುಣುಪಿನಲ್ಲಿ ಅವಳ ಬೆರಳು ತಡೆಯಿತು.

"ಲೋಕೇಶಾ, ಈ ಸಮುದ್ರದಾಗ ಏನೋ ಐತಿ ನೋಡಪ್ಪಾ."

ಯಂತ್ರ ನಡೆಸುವ ಲೋಕೇಶ್ ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದ. "ಏನೂ ಇಲ್ವಲ್ಲಕ್ಕ. ಫುಲ್ ಪ್ಲೇನ್ ಇದೆ."

"ಬಾಕು ದಾಟಿ ಕೆಳಗ ಬಾ. ದಂಡಿಯಿಂದ ಅರ್ಧ ಬೆರಳು ಒಳಗ. ಎಳ್ಳಿನಷ್ಟ ಐತಿ. ಮತ್ತ ಬೆಚ್ಚಗೈತಿ."

"ಈಗ ತಾನೆ ಮಿಷನ್ನಿಂದ ತೆಗ್ದಿದೀನಿ ಕಣಕ್ಕ, ಬೆಚ್ಚಗಿರದೆ ಇನ್ನೇನು?"

ಹೊಳೆವ್ವ ಆ ಹಾಳೆಯನ್ನು ಪಕ್ಕಕ್ಕಿಟ್ಟಳು. ಹಿಂದಿನ ದಿನವೇ ಆರಿದ ಹಾಳೆಗಳನ್ನು ಎಳೆದುಕೊಂಡಳು. ರಷ್ಯಾ ತಣ್ಣಗಿತ್ತು, ಇರಾನ್ ತಣ್ಣಗಿತ್ತು. ಅವುಗಳ ಮೇಲೂ ಇದ್ದ ಆ ಒಂದು ಎಳ್ಳು ಮಾತ್ರ, ಯಾರೋ ಈಗಷ್ಟೇ ಬೆರಳಿಟ್ಟು ತೆಗೆದ ಹಾಗೆ, ಬೆಚ್ಚಗಿತ್ತು.

ಮಾಲೀಕ ಪರಮಾನಂದ ಅಚ್ಚನ್ನು ಬಿಚ್ಚಿಸಿ ಅಳತೆ ಹಿಡಿದರು. ಎಲ್ಲೂ ಉಬ್ಬಿರಲಿಲ್ಲ. ಗಾಳಿ ಹೀರುವ ತೂತುಗಳನ್ನು ಚೊಕ್ಕ ಮಾಡಿಸಿದರು, ಪ್ಲಾಸ್ಟಿಕ್ ಸುರುಳಿಯನ್ನೇ ಬದಲಿಸಿದರು. ಹೊಸ ಹಾಳೆಯ ಮೇಲೂ ಅವಳ ಬೆರಳು ಅಲ್ಲೇ ನಿಂತಿತು.

ಪರಮಾನಂದ ಮೆಲ್ಲಗೆ ಕೇಳಿದರು. "ಹೊಳೆವ್ವ, ಶುಗರ್ ಟೆಸ್ಟ್ ಮಾಡ್ಸಿ ಎಷ್ಟು ದಿನ ಆಯ್ತು?"

ಆ ಪ್ರಶ್ನೆ ಅವಳ ಎದೆಗೆ ನಾಟಿತು. ಸಕ್ಕರೆ ಕಾಯಿಲೆ ಬೆರಳ ತುದಿಯನ್ನು ಕೊಲ್ಲುತ್ತದೆಂದು ಅವಳಿಗೆ ಗೊತ್ತಿತ್ತು. ಬೆರಳು ಹೋದರೆ ಅವಳಿಗೆ ಎರಡನೇ ಸಲ ಕಣ್ಣು ಹೋದಂತೆ. ಅಂದೇ ಸಂಜೆ ರಕ್ತ ಕೊಟ್ಟು ಬಂದಳು. ಸಕ್ಕರೆ ಹತೋಟಿಯಲ್ಲೇ ಇತ್ತು. ಕೋಣೆಯಲ್ಲಿ ಪೇಪರಿನ ಕೆಳಗೆ ತನ್ನದೇ ಒಂದು ಕೂದಲೆಳೆ ಇಟ್ಟು ತಡವಿದಳು. ಸಿಕ್ಕಿತು. ಬೆರಳು ಸುಳ್ಳು ಹೇಳುತ್ತಿರಲಿಲ್ಲ.

ಅವಳು ಅರವತ್ತೆರಡು ಹಾಳೆಗಳನ್ನು ತಡೆದಳು. ಲೋಕೇಶ್ ಅವನ್ನು ಕಟ್ಟಿ ಅಟ್ಟಕ್ಕೆ ಹಾಕಿದ. ಆದರೆ ಅವಳು ರಜೆಯಲ್ಲಿದ್ದಾಗ ಅದೇ ಅಚ್ಚಿನ ಹತ್ತು ಹಾಳೆ ನೇರವಾಗಿ ವಿಜಯಪುರದ ಕಡೆಯ ಒಂದು ಶಾಲೆಗೆ ಹೋಗಿದ್ದವು. ವಾರದ ನಂತರ ಅಲ್ಲಿಯ ಟೀಚರ್ ಮಹಾನಂದಾ ಫೋನ್ ಮಾಡಿದರು. ಅವರಿಗೂ ಕಣ್ಣಿಲ್ಲ.

"ಹೊಳೆವ್ವಾ, ಬಾಕು ಕೆಳಗ ನಡುಗಡ್ಡಿ ಯಾಕ ಹಾಕೀರಿ? ಪುಸ್ತಕದಾಗ ಇಲ್ಲಲ್ಲ."

ಹೊಳೆವ್ವ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಈ ಮಾತು ಶೆಡ್ಡಿನ ಬಾಗಿಲು ದಾಟಿರಲಿಲ್ಲ.

"ಟೀಚರ್, ಅದು... ಹೆಂಗೈತ್ರಿ?"

"ಒಬ್ಬಾಕಿ ಹುಡುಗಿ ಮುಟ್ಟಿ ಕೈ ಹಿಂದ ತಗೊಂಡ್ಲು. ಬಿಸಿ ಐತ್ರಿ ಅಂದ್ಲು."

ಪರಮಾನಂದ ಆಮೇಲೆ ಶುಗರ್ ಮಾತೆತ್ತಲಿಲ್ಲ. ಕ್ಯಾಸ್ಪಿಯನ್ ಅಚ್ಚನ್ನು ಗೋಣಿ ಸುತ್ತಿ ಮೂಲೆಗಿಡಿಸಿದರು. ಆ ಮೂಲೆಯ ಹತ್ತಿರ ಊಟಕ್ಕೆ ಕೂರುವುದನ್ನು ಲೋಕೇಶ್ ಬಿಟ್ಟ.

ಸುಮಾರು ಎರಡು ವರ್ಷ ಕಳೆಯಿತು. 2025ರ ಜನವರಿಯಲ್ಲಿ ಮಹಾನಂದಾ ಟೀಚರ್ ಮತ್ತೆ ಫೋನ್ ಮಾಡಿದರು. ಅವರ ಮೊಬೈಲು ಒಂದು ಸುದ್ದಿ ಓದಿ ಹೇಳಿತ್ತಂತೆ. ಅಜೆರ್ಬೈಜಾನ್ ತೀರದಿಂದ ಇಪ್ಪತ್ತೈದು ಕಿಲೋಮೀಟರ್ ದೂರದಲ್ಲಿ, ಸಮುದ್ರದ ತಳದ ಕೆಸರು ಜ್ವಾಲಾಮುಖಿಯೊಂದು ಕಾರಿ, 2023ರ ಶುರುವಿನಲ್ಲಿ ಒಂದು ನಡುಗಡ್ಡೆ ಎದ್ದಿತ್ತು. ಉಪಗ್ರಹದ ಚಿತ್ರದಲ್ಲಿ ಸಿಕ್ಕಿದೆ. ಈಗ ಅಲೆ ಹೊಡೆದು ಹೆಚ್ಚುಕಡಿಮೆ ಕರಗಿಹೋಗಿದೆ. ಹಿಂದೆಯೂ ಅದು ಹೀಗೆ ಹಲವು ಸಲ ಎದ್ದು ಮುಳುಗಿದೆ.

ಹೊಳೆವ್ವ ಫೋನ್ ಇಟ್ಟು ಎದ್ದು ನಿಂತಳು. "ಲೋಕೇಶಾ, ಅಟ್ಟದ ಮ್ಯಾಲಿನ ಕಟ್ಟು ಇಳಸು."

ಕಟ್ಟಿನ ಗಂಟು ಬಿಚ್ಚಿರಲಿಲ್ಲ. ಮೇಲೆ ಧೂಳು ಕೂತಿತ್ತು. ಅವಳು ಮೊದಲ ಹಾಳೆಯ ಮೇಲೆ ಬಾಕು ದಾಟಿ ಕೆಳಗೆ ಬಂದು ಅರ್ಧ ಬೆರಳು ಒಳಗೆ ಇಳಿದಳು. ನುಣುಪು. ಎರಡನೆಯದೂ ನುಣುಪು. ಅರವತ್ತೆರಡೂ ನುಣುಪಾಗಿ, ತಣ್ಣಗೆ ಇದ್ದವು. ವಿಜಯಪುರದ ಹತ್ತು ಹಾಳೆಗಳನ್ನೂ ಟೀಚರ್ ತಡವಿ ನೋಡಿ ಹೇಳಿದರು: ಏನೂ ಇಲ್ಲ.

"ಒಳ್ಳೇದೇ ಆಯ್ತಲ್ಲ, ಶಾಲೆಗಳಿಗೆ ಕಳಿಸಿಬಿಡೋಣ" ಎಂದರು ಪರಮಾನಂದ.

"ಕಳಸೂಣ್ರಿ ಸರ. ಒಂದು ಸಾಲು ಬರದು ಕಳಸ್ತೀನಿ."

"ಸಿಲಬಸ್‌ನಲ್ಲಿ ಇಲ್ಲದ್ದು ಯಾಕೆ?"

"ವಿಜಯಪುರದಾಗ ಮುಟ್ಟಿದ ಮಕ್ಕಳು ಅದಾವ್ರಿ, ಅಲ್ಲಿಗೂ ಒಂದಿಷ್ಟು ಹೋಗ್ಲಿ. ಅವಕ್ಕ ಸುಳ್ಳು ಹೇಳಾಕ ಆಗಂಗಿಲ್ಲ."

ಪರಮಾನಂದ ಒಪ್ಪಿದರು. ಮೂರು ದಿನ ಕೂತು ಹೊಳೆವ್ವ ಬ್ರೈಲ್ ಚುಕ್ಕಿ ಒತ್ತುವ ಮೊಳೆಯಿಂದ ಒಂದೊಂದೇ ಹಾಳೆಗೆ ಚುಚ್ಚಿದಳು: "ಬಾಕು ಕೆಳಗಿನ ನೀರಿನಲ್ಲಿ ಎರಡು ವರ್ಷ ಒಂದು ನಡುಗಡ್ಡೆ ಇತ್ತು." ಸಮುದ್ರದ ಮೇಲೆ ಬರೆಯಲು ಜಾಗ ಬೇಕಾದಷ್ಟಿತ್ತು. ಆದರೂ ಅವಳು ಇರಾನಿನ ಬೆಟ್ಟಗಳ ಆಚೆ, ಹಾಳೆಯ ಅಂಚಿನಲ್ಲಿ ಬರೆದಳು. ಆ ನೀರಿಗೆ ಮೊಳೆ ಊರಲು ಕೈ ಬರಲಿಲ್ಲವೆಂದು ಆಮೇಲೆ ಲೋಕೇಶನಿಗೆ ಹೇಳಿದಳು. ಅವನು ನಗಲಿಲ್ಲ. ಹಾಳೆಗಳನ್ನು ಕಟ್ಟಿ, ಎರಡು ಸಲ ಗಂಟು ಹಾಕಿ, ಗಾಡಿಗೆ ಏರಿಸಿದ.