ರೋಜಾ ಐತ್ರಿ

ಬಿ.ಎ. ಮುಗಿಸಿದ ಮೇಲೆ ನನಗೆ ಸಿಕ್ಕಿದ್ದು ಸಿಂದಗಿಯಲ್ಲಿ ಮನೆಮನೆಗೆ ಪಾರ್ಸೆಲ್ ಮುಟ್ಟಿಸುವ ಕೆಲಸ. ಅಣ್ಣನ ಹಳೆಯ ಸ್ಕೂಟಿ, ಬೆನ್ನಿಗೆ ನನಗಿಂತ ದಪ್ಪನೆಯ ಚೀಲ, ಕೈಯಲ್ಲಿ ಫೋನು. ಆ ಫೋನೇ ನನ್ನ ಸಾಹೇಬ. ಯಾವ ಮನೆಗೆ ಎಷ್ಟು ಹೊತ್ತಿಗೆ ಹೋಗಬೇಕು ಅಂತ ಅದೇ ಹೇಳುತ್ತಿತ್ತು. ತಡವಾದರೆ ಹೆಸರಿನ ಮುಂದೆ ಕೆಂಪು ಗುರುತು. ಕೆಂಪು ಹೆಚ್ಚಾದರೆ ಕೆಲಸ ಹೋಯಿತು ಅಂತಲೇ ಲೆಕ್ಕ.

ಪಾಪ, ಫೋನಿಗೆ ನಮ್ಮೂರು ಗೊತ್ತಿರಲಿಲ್ಲ. ಇಲ್ಲಿ ಬಾಗಿಲಿಗೆ ಬಂದವರನ್ನು ಚಹಾ ಕುಡಿಸದೆ ಕಳಿಸಿದರೆ ಮನೆಯವರಿಗೆ ನಿದ್ದೆ ಬರುವುದಿಲ್ಲ. ಅದರಲ್ಲೂ ಬಿಸಿಲಲ್ಲಿ ಬಂದ ಹೆಣ್ಣುಮಗಳು! ಒಲ್ಲೆ ಅಂದರೆ ಅವರಿಗೆ ಸಿಟ್ಟು, ಕುಡಿದರೆ ನನಗೆ ಕೆಂಪು. ಅತ್ತ ದರಿ, ಇತ್ತ ಪುಲಿ. ಒಮ್ಮೆ ಜಾಣತನ ಮಾಡಿ "ಉಪವಾಸ ಐತ್ರಿ" ಅಂದೆ. "ಉಪವಾಸಕ್ಕ ಚಾ ನಡೀತೈತಿ, ತಗೋ" ಅಂತ ಆ ಮನೆಯಾಕೆ ಚಹಾದ ಜೊತೆ ಸಾಬುದಾಣಿ ಖಿಚಡಿಯನ್ನೂ ತಂದಿಟ್ಟಳು. ಖಿಚಡಿ ರುಚಿಯಾಗಿತ್ತು, ಅದು ಬೇರೆ ಮಾತು.

ಉಪಾಯ ನಮ್ಮ ಮನೆಯಲ್ಲೇ ಇತ್ತು. ನಾವು ಮುಸಲ್ಮಾನರು, ರಂಜಾನ್ ಅಲ್ಲದ ದಿನಗಳಲ್ಲೂ ಅಮ್ಮಿ ಆಗಾಗ ರೋಜಾ ಹಿಡಿಯುತ್ತಾಳೆ. ಅದರಲ್ಲಿ ಹೊತ್ತು ಮುಳುಗುವ ತನಕ ನೀರೂ ಇಲ್ಲ. ಮರುದಿನದಿಂದ ನಾನೂ ಬಾಗಿಲಲ್ಲೇ "ರೋಜಾ ಐತ್ರಿ" ಅನ್ನತೊಡಗಿದೆ. ಯಾರೂ ಒತ್ತಾಯ ಮಾಡಲಿಲ್ಲ. ಒಂದು ತುಂಬಿದ ಮನೆಯ ಅಜ್ಜಿ, ಮೊಮ್ಮಕ್ಕಳು ತರಿಸಿದ್ದನ್ನೆಲ್ಲ ತಾನೇ ಇಸಿದುಕೊಳ್ಳುವಾಕೆ, ಮಾತ್ರ ನನ್ನ ಮುಖವನ್ನೇ ನೋಡಿ "ಹೋಗಿ ಬಾ ಯವ್ವಾ" ಅನ್ನುತ್ತಿದ್ದಳು. ಕೆಂಪು ಬೀಳುವುದು ನಿಂತಿತು.

ಆದರೂ ಒಂದು ಬೆಳಿಗ್ಗೆ ಫೋನಿನಲ್ಲಿದ್ದ ಕಂಪನಿಯ ಆ್ಯಪ್ ನನ್ನನ್ನು ಒಳಗೆ ಬಿಡಲಿಲ್ಲ. ನನ್ನ ಓಣಿಗಳನ್ನೆಲ್ಲ ಕಂಪನಿ ಬೇರೆಯವರಿಗೆ ಕೊಟ್ಟಿತ್ತು. ಸಿಟ್ಟೂ ಬಂತು, ಅಳುವೂ ಬಂತು. ಮಧ್ಯಾಹ್ನ ಬಜಾರಕ್ಕೆ ನಡೆದು ಹೊರಟಾಗ ತನ್ನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಆ ಅಜ್ಜಿ ತಡೆದಳು.

"ಚೀಲ ಎಲ್ಲೈತಿ ಬೇ?"

"ಕೆಲಸ ಹೋತ್ರಿ ಅಜ್ಜಿ."

"ಹಂಗಾರ ರೋಜಾನೂ ಮುಗೀತು. ಬಾ, ಕುಂದ್ರು."

ನಾನು ಪೆಚ್ಚಾದೆ. ಅಜ್ಜಿ ನಕ್ಕಳು. "ದಿನಾ ರೋಜಾ ಹಿಡಿಯಾಕ ಇದೇನ್ ರಂಜಾನ್ ಏನ? ಮ್ಯಾಲ ನಿನ್ನ ಬಾಯಾಗ ಮಿರ್ಚಿ ಭಜಿ ವಾಸನಿ ಬ್ಯಾರೆ."

"ಮತ್ಯಾಕ ಸುಮ್ನಿದ್ರಿ?"

"ನಿನ್ನ ಕೆಲಸ ಉಳೀಲಿ ಅಂತ ಬೇ."

ಆವತ್ತು ಎರಡು ಕಪ್ ಚಹಾ ಕುಡಿದೆ.

ಈಗ ಬೇರೆ ಕಂಪನಿ, ಬೇರೆ ಬಣ್ಣದ ಅಂಗಿ, ಅದೇ ಓಣಿ. ಇದೂ ಎಷ್ಟು ದಿನವೋ, ಆ ಫೋನಿಗೇ ಗೊತ್ತು. ಆದರೆ ತಿರುವಿನಲ್ಲಿ ಸ್ಕೂಟಿಯ ಸದ್ದು ಕೇಳಿದರೆ ಸಾಕು, ಅಜ್ಜಿ ಚಹಾವನ್ನು ಕಪ್ಪಿನಿಂದ ಬಸಿಗೆ ಸುರುವಿ ಆರಿಸಿಕೊಂಡು ಬಾಗಿಲಿಗೆ ಬಂದು ನಿಂತಿರುತ್ತಾಳೆ. ನಾನು ಗಾಡಿ ಬಂದ್ ಮಾಡದೆಯೇ ಒಂದೇ ಗುಟುಕಿಗೆ ಕುಡಿದು, ಬಸಿ ಕೊಟ್ಟು ಹೊರಡುತ್ತೇನೆ. ಇನ್ನೂ ಒಂದೂ ಕೆಂಪು ಬಿದ್ದಿಲ್ಲ.