ದೊಣ್ಣೆಮೆಣಸಿಗೆ ಕರಿದಾರ

ಸಸಿ ಮಾರಿದ ತಪ್ಪಿಗೆ ನರ್ಸರಿಯವನೇ ಅದರ ಡಾಕ್ಟರೂ ಆಗಬೇಕು. ಮದ್ದೂರಿನ ಶಾರದಮ್ಮನವರು ಫೋನಿನಲ್ಲೇ ತೀರ್ಪು ಕೊಟ್ಟರು: "ನಿನ್ ದೊಣ್ಣೆಮೆಣಸಿನ ಎಲೆಯೆಲ್ಲ ಅಳದಿಯಾಗವೆ. ಮೋಸದ ಸಸಿ ಕಣಪ್ಪ!"

ಮಾನ ಉಳಿಸಿಕೊಳ್ಳಲು ಓಡಿದೆ. ಕುಂಡಗಳು ನಡುಮನೆಯ ಬೀರುವಿನ ಹಿಂದೆ ಕತ್ತಲಲ್ಲಿದ್ದವು. ಒಂದೊಂದು ಗಿಡಕ್ಕೂ ಕರಿದಾರ ಬೇರೆ. ಬಿಸಿಲೊಂದು ಬಿಟ್ಟು ಮಿಕ್ಕೆಲ್ಲ ಆರೈಕೆಯೂ ಆಗಿತ್ತು.

"ಬಿಸಿಲಿಲ್ಲದೆ ಹೀಗಾಗಿದೆ ಅಮ್ಮ, ಕಿಟಕಿ ಹತ್ರ ಇಡಿ" ಎಂದೆ.

"ಎದುರುಮನೆ ಜಯಮ್ಮನ ಕಣ್ಣು ಬಿದ್ರೆ ಒಣಗೋಯ್ತವೆ. ಸುಮ್ಕೆ ಔಸ್ದಿ ಕೊಡು."

ಬಿಸಿಲು ಬಾಟಲಿಯಲ್ಲಿ ಬರುವುದಿಲ್ಲವೆಂದು ಹೇಳಿ ಹೊರಬಿದ್ದೆ. ಎದುರುಮನೆ ಗೇಟಿನಿಂದ ಜಯಮ್ಮ ಪಿಸುಗುಟ್ಟಿದರು: "ನಮ್ ಮೆಣಸಿನ ಗಿಡಗೋಳೂ ಅಂಗೇ ಆಗವೆ, ಬಂದು ನೋಡಪ್ಪ. ಬೇಗ ಬಾಗ್ಲಾಕು, ಆ ಶಾರದಮ್ಮ ನೋಡ್ಬುಟ್ಟಾಳು!"

ಒಳಗೆ ಹೋಗಿ ಮೊಬೈಲಿನ ಟಾರ್ಚ್ ಹಾಕಿದೆ. ಪಾಪ, ಆ ಮನೆಯಲ್ಲಿ ಆ ಗಿಡಗಳು ಕಂಡ ಮೊದಲ ಬೆಳಕು ಅದೇ ಇರಬೇಕು.