ಭೀಮಕ್ಕನ ಬಾವಿಯ ಆಮೆ

ಬಿಳಿಚೋಡಿನ ಓಣಿಗೆ ನಲ್ಲಿ ಬಂದು ಎಷ್ಟೋ ವರ್ಷವಾದರೂ ಭೀಮಕ್ಕ ಕುಡಿಯುತ್ತಿದ್ದುದು ಹಿತ್ತಿಲ ಬಾವಿಯ ನೀರನ್ನೇ, ಏಕೆಂದರೆ ಅದರಲ್ಲಿ ಆಮೆ ಇತ್ತು. ಆಮೆ ಇದ್ದರೆ ಬಾವಿಯ ನೀರು ಕೆಡುವುದಿಲ್ಲವೆಂಬ ಹಿರಿಯರ ಮಾತು ನಂಬಿ, ಹನ್ನೆರಡು ವರ್ಷದ ಹಿಂದೆ ಕೆರೆಯಿಂದ ಅದನ್ನು ತಂದು ಬಿಟ್ಟವಳೂ ಅವಳೇ. ಸೋಪು ಹಿಡಿದವರನ್ನು ಕಟ್ಟೆ ಹತ್ತಗೊಡುತ್ತಿರಲಿಲ್ಲ. ಕೊಡ ಇಳಿಸುವ ಸೊಸೆಗೆ, “ಮೆಲ್ಲಕೆ ಬಿಡು, ಅವ್ವ ಮಲಗ್ಯಾಳೆ” ಎನ್ನುವಳು. ನೀರಿಗೆ ಬಂದವರು ಆಮೆಯ ಯೋಗಕ್ಷೇಮ ಕೇಳದಿದ್ದರೆ ಅವರ ಕೊಡ ಅರ್ಧಕ್ಕೇ ನಿಲ್ಲುತ್ತಿತ್ತು. ನೆಂಟರಿಗೆ ಕಾಫಿಗಿಂತ ಮೊದಲು ಆಮೆಯ ದರ್ಶನ: ತಲೆ ಒಳಗೆಳೆದುಕೊಂಡರೆ “ನಾಚ್ಕೆ”, ಹೊಟ್ಟೆಯಡಿಯ ಚರ್ಮದ ಮಡಿಕೆಯಿಂದ ಹಿಂಗಾಲನ್ನೂ ಮುಚ್ಚಿಕೊಂಡರೆ “ಸಿಟ್ಟು”, ಮಳೆಗಾಲ ಮುಗಿಯುತ್ತಿದ್ದಂತೆ ದಿನವಿಡೀ ಗೋಡೆಯ ಕಲ್ಲು ಪರಚಿದರೆ “ಪೂಜೆ”. ಈ ಸಲ, ಜಾರಿಬಿದ್ದ ಕೊಡ ತೆಗೆಯಲು ಬಾವಿಗೆ ಧುಮುಕಿದ ಪಕ್ಕದ ಮನೆಯ ತಿಮ್ಮೇಶ್ ಕೊಡದ ಜೊತೆಗೆ ಗೋಲಿಯಂಥ ನಾಲ್ಕು ಬಿಳಿ ಮೊಟ್ಟೆ ತಂದ. “ಆಮೆ ಮಣ್ಣು ತೋಡಿ ಇಡ್ಬೇಕು ಭೀಮಕ್ಕ ಇವನ್ನ. ಸುತ್ತ ಕಲ್ಲು ಕಟ್ಟಿದ ಬಾವ್ಯಾಗೆ ದಡ ಎಲ್ಲೈತೆ? ವರ್ಷಾ ವರ್ಷಾ ಹತ್ತಾಕೆ ನೋಡಿ, ಆಗ್ದೆ ನೀರಾಗೇ ಉದುರಿಸೈತೆ. ಹೊಟ್ಟ್ಯಾಗೆ ಇನ್ನೂ ಇರ್ಬೇಕು.” ಭೀಮಕ್ಕ ಅವನಿಂದಲೇ ಆಮೆಯನ್ನು ಹಿಡಿಸಿ, ಬಕೆಟ್ಟಿನಲ್ಲಿಟ್ಟುಕೊಂಡು ಕೆರೆಗೆ ನಡೆದಳು. ದಡದಲ್ಲಿ ಇಳಿಸಿದರೆ ಅದು ನೀರಿನ ಕಡೆ ತಿರುಗಲೇ ಇಲ್ಲ. ಮೆತ್ತನೆಯ ಜಾಗ ಹುಡುಕಿ ಹಿಂಗಾಲಿನಿಂದ ತೋಡತೊಡಗಿತು. ಭೀಮಕ್ಕ ಪಕ್ಕದಲ್ಲೇ ಕುಕ್ಕರಿಸಿದಳು. “ಹನ್ನೆರಡು ವರ್ಷ ನಿನ್ನ ಸಾಕ್ದೆ ಅಂತ ಮೆರೆದ್ನಲ್ಲವ್ವ, ಹಿಡಿ ಮಣ್ಣು ಕೊಡ್ಲಿಲ್ಲ ನಾನು.”